ನಿಶಾನೆ ಕಾಣದ ತೀರ್ಪುಗಾರ

ಹತ್ತೊಂಬತ್ತು ವರ್ಷ ಕ್ಯಾಮೆರಾ ಕ್ಲಬ್‌ಗಳ ಸ್ಪರ್ಧೆಗಳಿಗೆ ಚಿತ್ರ ಕಳುಹಿಸುತ್ತ ಬಂದವನಿಗೆ ತೀರ್ಪುಗಾರರ ಬಗ್ಗೆ ಎಂಥ ಅಭಿಪ್ರಾಯ ಇರುತ್ತದೆಯೋ ನನಗೂ ಅಂಥದೇ ಇತ್ತು. ನನ್ನ ಚಿತ್ರ ಆಯ್ಕೆಯಾದರೆ ಅವರು ಕಣ್ಣುಳ್ಳವರು. ಆಗದಿದ್ದರೆ ಊಟದ ಹೊತ್ತಾಯಿತೆಂದು ಅವಸರದಲ್ಲಿ ಅಂಕ ಹಾಕಿದವರು. ಮೈಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಬಿಡುವಿನ ದಿನಗಳಲ್ಲಿ ರಂಗನತಿಟ್ಟಿನ ಕೊಕ್ಕರೆಗಳನ್ನೂ ಮೇಲುಕೋಟೆಯ ಕಲ್ಯಾಣಿಯನ್ನೂ ಮತ್ತೆ ಮತ್ತೆ ತೆಗೆಯುತ್ತ ಕಾಲ ಕಳೆದ ನನ್ನನ್ನು, ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಕರಾವಳಿಯ ಒಂದು ಊರಿನ ಕ್ಲಬ್‌ನವರು ತಮ್ಮ ವಾರ್ಷಿಕ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದರು. ಅಂಕ ಕೊಡುವುದರ ಜೊತೆಗೆ, ಅದೇ ದಿನ ಸಂಜೆ ಸದಸ್ಯರೆಲ್ಲರ ಮುಂದೆ ಪ್ರತಿಯೊಂದು ಚಿತ್ರದ ಬಗ್ಗೆಯೂ ಎರಡು ಮಾತು ಆಡಬೇಕು ಎಂಬುದು ಅವರ ಷರತ್ತಾಗಿತ್ತು. ಅಂಕ ಕೊಡುವುದು ಕಷ್ಟ, ಮಾತಾಡುವುದು ಸುಲಭ ಎಂದುಕೊಂಡು ಒಪ್ಪಿದೆ. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ನಿಂತು ಮಾತಾಡಿದವನಿಗೆ ಹಾಗೆ ಅನಿಸಿದ್ದು ಸಹಜ.

ನಾವು ಮೂವರು. ಮೊದಲನೆಯವರು ಬೆಂಗಳೂರಿನ ಹಿರಿಯರು, ಎಪ್ಪತ್ತರ ಗಡಿ ದಾಟಿದವರು. ಡಾ. ಜಿ. ಥಾಮಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರ ಚಿತ್ರಗಳು ಬೆಂಗಳೂರಿನಿಂದ ಅಂಚೆಯಲ್ಲಿ ಹೊರಟು ದೇಶವಿದೇಶಗಳ ಛಾಯಾಚಿತ್ರ ಸ್ಪರ್ಧಾಪ್ರದರ್ಶನಗಳಾದ ಸಲೋನ್‌ಗಳನ್ನು ಸುತ್ತಿ ಬರುತ್ತಿದ್ದ ಕಾಲದಲ್ಲಿ, ಕತ್ತಲೆಕೋಣೆಯ ಕೆಂಪು ದೀಪದ ಕೆಳಗೆ ಕೈಯಾರೆ ಪ್ರಿಂಟ್ ಮಾಡುವುದನ್ನು ಕಲಿತವರು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾದಾಗ ತಾವು ಇನ್ನೂ ಕಾಲೇಜು ಹುಡುಗ ಎಂದು ಅವರೇ ಹೇಳಿದರು. ಎರಡನೆಯವರು ದಿನಪತ್ರಿಕೆಯೊಂದರ ಛಾಯಾಚಿತ್ರ ವಿಭಾಗದಲ್ಲಿ ದೀರ್ಘಕಾಲ ಕೆಲಸ ಮಾಡಿ ನಿವೃತ್ತರಾಗಿದ್ದ ಮಹಿಳೆ. ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಮೂರನೆಯವನು ನಾನು. ಮೂವರಲ್ಲಿ ಒಬ್ಬರೂ ಕರಾವಳಿಯವರಲ್ಲ. ಇದು ಆಗ ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ; ಕ್ಲಬ್‌ನವರಂತೂ ಪಕ್ಷಪಾತ ಇರಬಾರದೆಂದು ಬೇಕೆಂದೇ ಘಟ್ಟದ ಮೇಲಿನವರನ್ನು ಕರೆಸಿದ್ದರು.

ಶನಿವಾರ ಸಂಜೆ ಸಭಾಂಗಣಕ್ಕೆ ಹೋದಾಗ ಚಿತ್ರ ನೋಡುವುದು ಶುರುವಾಗಲಿಲ್ಲ, ಪರದೆ ನೋಡುವುದು ಶುರುವಾಯಿತು. ಹಿರಿಯರು ತಮ್ಮ ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದು, ಅದರಲ್ಲಿದ್ದ ಬೂದುಬಣ್ಣದ ಪಟ್ಟಿಯನ್ನು ಪ್ರೊಜೆಕ್ಟರ್‌ನಲ್ಲಿ ಹಾಕಲು ಹೇಳಿದರು. ಅಚ್ಚ ಕಪ್ಪಿನಿಂದ ಅಚ್ಚ ಬಿಳಿಯವರೆಗೆ ಇಪ್ಪತ್ತೊಂದು ಮೆಟ್ಟಿಲು. ಒಂದೊಂದನ್ನೂ ಬೇರೆಯಾಗಿ ಗುರುತಿಸಲು ಸಾಧ್ಯವಾಗಬೇಕು. ನಮ್ಮ ಪರದೆಯ ಮೇಲೆ ಕಪ್ಪಿನ ಕಡೆಯ ನಾಲ್ಕು ಮೆಟ್ಟಿಲುಗಳು ಒಂದೇ ಮಸಿಯ ಮುದ್ದೆಯಾಗಿದ್ದವು, ಬಿಳಿಯ ಕಡೆಯ ಎರಡು ಸುಣ್ಣ ಬಳಿದಂತೆ ಕೂಡಿಹೋಗಿದ್ದವು. "ಇದರಲ್ಲಿ ನೋಡಿ ನೆರಳಿನಲ್ಲಿ ವಿವರ ಇಲ್ಲ ಅಂತ ಯಾರಿಗಾದರೂ ಅಂಕ ಕಳೆದರೆ ಅದು ನಮ್ಮ ತಪ್ಪು, ಅವರದಲ್ಲ" ಎಂದರು. ಪ್ರೊಜೆಕ್ಟರ್‌ನ ಹೊಳಪು ಇಳಿಸಿ, ಅದರ ಬಣ್ಣದ ವಿಧಾನ ಬದಲಿಸಿ, ಹಿಂಬಾಗಿಲಿನ ಸಂದಿಯಿಂದ ಬರುತ್ತಿದ್ದ ಬೀದಿದೀಪದ ಬೆಳಕಿಗೆ ಕಂಬಳಿ ಹಿಡಿದು, ಒಂದು ಗಂಟೆ ಹತ್ತು ನಿಮಿಷದ ಮೇಲೆ ಹತ್ತೊಂಬತ್ತು ಮೆಟ್ಟಿಲು ಕಂಡವು. ಅಷ್ಟಕ್ಕೆ ಅವರು ಒಪ್ಪಿದರು. ನನ್ನ ಎಷ್ಟು ಏಕವರ್ಣ ಚಿತ್ರಗಳು ಇಂಥ ಮಸಿಯ ಮುದ್ದೆಯೊಳಗೆ ಮುಳುಗಿ ಹೋಗಿರಬಹುದೆಂದು ಆಗ ಹೊಳೆದು ಸ್ವಲ್ಪ ಸಂಕಟವೂ, ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೂ ಆಯಿತು.

ಸ್ಪರ್ಧೆಯಲ್ಲಿ ಮೂರು ವಿಭಾಗಗಳಿದ್ದವು: ಮುಕ್ತ ವರ್ಣ, ಏಕವರ್ಣ, ನಿಸರ್ಗ. ಒಬ್ಬ ಸದಸ್ಯರಿಂದ ವಿಭಾಗಕ್ಕೆ ಹೆಚ್ಚೆಂದರೆ ಎರಡು ಚಿತ್ರ. ಒಟ್ಟು ಬಂದದ್ದು 228. ತೆಗೆದವರ ಹೆಸರು ನಮಗೆ ಕಾಣದು. ನಿಸರ್ಗ ವಿಭಾಗದಲ್ಲಿ ಮಾತ್ರ ಶೀರ್ಷಿಕೆ ಓದುತ್ತಾರೆ, ಏಕೆಂದರೆ ಅಲ್ಲಿ ಪ್ರಾಣಿ ಯಾವುದು, ಏನು ಮಾಡುತ್ತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಉಳಿದೆರಡರಲ್ಲಿ ಚಿತ್ರ ತಾನೇ ಮಾತಾಡಬೇಕು, ಶೀರ್ಷಿಕೆಯ ಊರುಗೋಲು ಬೇಡ ಎಂಬುದು ಕ್ಲಬ್‌ನ ನಿಯಮ. ಕಾರ್ಯದರ್ಶಿಗಳು ಲ್ಯಾಪ್‌ಟಾಪ್ ಮುಂದೆ ಕುಳಿತು ಚಿತ್ರ ಬದಲಿಸುತ್ತಾರೆ, ಸಂಖ್ಯೆ ಹೇಳುತ್ತಾರೆ, ಅದರಾಚೆ ಒಂದಕ್ಷರ ಆಡುವಂತಿಲ್ಲ. ಈ ಎರಡು ನಿಯಮಗಳನ್ನೂ ಆಗ ನಾನು ಮನಸಾರೆ ಮೆಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮೊದಲ ಸುತ್ತು. ಇದರಲ್ಲಿ ಅಂಕವಿಲ್ಲ, ಒಂದೊಂದು ಚಿತ್ರವನ್ನು ಮೂರು ಸೆಕೆಂಡು ತೋರಿಸಿ ಮುಂದೆ ಹೋಗುತ್ತಾರೆ, ಒಟ್ಟಾರೆ ಮಟ್ಟ ಎಷ್ಟಿದೆ ಎಂದು ತೀರ್ಪುಗಾರರ ಕಣ್ಣಿಗೆ ಅಳತೆ ಸಿಗಲಿ ಎಂದು. ಎರಡನೆಯ ಸುತ್ತಿನಲ್ಲಿ ಒಬ್ಬೊಬ್ಬರೂ ಹತ್ತಕ್ಕೆ ಅಂಕ ಕೊಡಬೇಕು, ಮೂವತ್ತಕ್ಕೆ ಹತ್ತೊಂಬತ್ತು ಬಂದರೆ ಚಿತ್ರ ಪ್ರದರ್ಶನಕ್ಕೆ ಆಯ್ಕೆ. ಇಬ್ಬರ ಅಂಕಗಳ ನಡುವೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲಿಯೇ ನಿಲ್ಲಿಸಿ ಚರ್ಚಿಸಬೇಕು, ಬೇಕಾದವರು ತಮ್ಮ ಅಂಕ ಬದಲಿಸಿಕೊಳ್ಳಬಹುದು. ಈ ಚರ್ಚೆಯ ನಿಯಮ ಬಹಳ ಕ್ಲಬ್‌ಗಳಲ್ಲಿ ಇಲ್ಲ. ಆರು, ಆರು, ಆರು ಸೇರಿದರೂ ಹದಿನೆಂಟು. ಒಂಬತ್ತು, ಐದು, ನಾಲ್ಕು ಸೇರಿದರೂ ಹದಿನೆಂಟು. ಮೊದಲನೆಯದು ಯಾರನ್ನೂ ನೋಯಿಸದ, ಯಾರನ್ನೂ ತಟ್ಟದ ಚಿತ್ರ. ಎರಡನೆಯದು ಒಬ್ಬರನ್ನಾದರೂ ಹಿಡಿದು ಅಲ್ಲಾಡಿಸಿದ ಚಿತ್ರ. ಕೂಡುವ ಲೆಕ್ಕಕ್ಕೆ ಎರಡೂ ಒಂದೇ. ಹಾಗಾಗದಿರಲಿ ಎಂದೇ ಚರ್ಚೆ.

ಅಂಕ ಕೊಡುವುದು ನಾನು ಭಾವಿಸಿದ್ದಷ್ಟು ಕಷ್ಟವಾಗಲಿಲ್ಲ, ಮತ್ತು ಅದೇ ಅಪಾಯಕಾರಿಯಾಗಿತ್ತು. ಇಪ್ಪತ್ತು ಚಿತ್ರ ಮುಗಿಯುವಷ್ಟರಲ್ಲಿ ಬೆರಳು ತಾನಾಗಿ ಅಂಕ ಒತ್ತತೊಡಗಿತು. ಹಿನ್ನೆಲೆ ಗೋಜಲು, ಐದು. ಮುಖದ ಮೇಲೆ ಬಿಸಿಲು ಹೊಡೆದು ವಿವರ ಸುಟ್ಟುಹೋಗಿದೆ, ನಾಲ್ಕು. ನಡುವಿಗೆ ಸರಿಯಾಗಿ ಕ್ಷಿತಿಜ, ಐದು. ಮಲ್ಪೆಯ ದೋಣಿಗಳ ಹಿಂದೆ ಮುಳುಗುವ ಸೂರ್ಯ ಹನ್ನೊಂದು ಸಲ ಮುಳುಗಿದ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವ ದೃಶ್ಯ ಒಂಬತ್ತು ಸಲ ಬಂತು. ಕಂಬಳದ ಕೋಣಗಳು ಹದಿನಾಲ್ಕು ಸಲ ಕೆಸರು ಹಾರಿಸಿದವು. ಹನ್ನೊಂದನೆಯ ಸೂರ್ಯ ಮೊದಲ ಹತ್ತಕ್ಕಿಂತ ಚೆನ್ನಾಗಿದ್ದರೂ, ಅವನಿಗೆ ಅಂಕ ಕಡಿಮೆಯೇ ಬಿತ್ತು. ಹದಿನೈದು ದಿನದ ಮೇಲೆ ಕ್ಲಬ್‌ನವರು ಕಳುಹಿಸಿದ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರಯೋಗಾಲಯದ ಅಭ್ಯಾಸದಂತೆ ನನ್ನ ಅಂಕಗಳ ಸರಾಸರಿ ತೆಗೆದೆ: ಮೊದಲ ನಲವತ್ತು ಚಿತ್ರಗಳಿಗೆ 6.4, ಊಟಕ್ಕೆ ಮುಂಚಿನ ನಲವತ್ತಕ್ಕೆ 5.2. ಚಿತ್ರಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿದ್ದರಿಂದ, ಒಳ್ಳೆಯವೆಲ್ಲ ಮೊದಲೇ ಬಂದವೆಂದು ಹೇಳಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಊಟದ ಹೊತ್ತಿನ ತೀರ್ಪುಗಾರರನ್ನು ನಾನು ಬೈದುಕೊಂಡದ್ದು ಸುಳ್ಳಾಗಿರಲಿಲ್ಲ, ಆದರೆ ಆ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತು.

ನಿಸರ್ಗ ವಿಭಾಗ ಬೇರೆಯೇ ಬಗೆಯದು. ಇಲ್ಲಿ ಕಣ್ಣಿನ ಜೊತೆ ಕಾನೂನೂ ಬೇಕು. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್ಎ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಆರ್‌ಪಿಎಸ್ ಮೂರೂ ಸೇರಿ ಒಪ್ಪಿಕೊಂಡ ನಿಸರ್ಗ ಛಾಯಾಚಿತ್ರದ ವ್ಯಾಖ್ಯೆಯನ್ನೇ ಈ ಕ್ಲಬ್ ಕೂಡ ಅನುಸರಿಸುತ್ತದೆ: ಚಿತ್ರದೊಳಗೆ ಏನನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಅಂಚು ಕತ್ತರಿಸುವುದನ್ನು ಬಿಟ್ಟು ಬೇರೆ ರೀತಿಯಲ್ಲಿ ಏನನ್ನೂ ತೆಗೆಯುವಂತಿಲ್ಲ. ಮೀನು ಕಚ್ಚಿದ ಮಿಂಚುಳ್ಳಿಯ ಚಿತ್ರವೊಂದಕ್ಕೆ ನಾವು ಮೂವರೂ ಎಂಟು, ಒಂಬತ್ತು ಎಂದು ಅಂಕ ಕೊಟ್ಟು ಕೊನೆಯ ಸುತ್ತಿಗೆ ಕಳುಹಿಸಿದ್ದೆವು. ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆ, ಮೀನಿನ ಬಾಲದಿಂದ ಇನ್ನೂ ಬೀಳದ ಒಂದು ಹನಿ, ಹಿಂದೆ ಬೆಣ್ಣೆಯಂತೆ ಕರಗಿದ ಹಸಿರು. ಮೇಡಂ ಎದ್ದು ಪರದೆಯ ಹತ್ತಿರ ಹೋಗಿ, ಹಕ್ಕಿಯ ಬೆನ್ನ ಹಿಂದಿನ ಹಸಿರಿನಲ್ಲಿ ಎರಡು ಕಡೆ ಬೆರಳಿಟ್ಟರು. ಅರ್ಧಚಂದ್ರದಂಥ ಒಂದು ಮಸುಕು ಗುರುತು ಎರಡೂ ಕಡೆ ಅಚ್ಚೊತ್ತಿದಂತೆ ಒಂದೇ ಆಗಿತ್ತು. ಮಸುಕಾದ ಹಿನ್ನೆಲೆಯಲ್ಲಿ ಒಂದೇ ಗುರುತು ಎರಡು ಬಾರಿ ಹುಟ್ಟುವುದಿಲ್ಲ. ಯಾರೋ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಮೆತ್ತಿದ್ದಾರೆ ಎಂದರ್ಥ. ಕ್ಯಾಮೆರಾದ ಮೂಲ ರಾ ಫೈಲ್, ಅಂದರೆ ತಿದ್ದುವ ಮೊದಲಿನ ಕಡತ, ತರಿಸಿ ನೋಡಿದಾಗ ಅಲ್ಲಿ ಪೆನ್ಸಿಲಿನಷ್ಟು ದಪ್ಪದ ಒಂದು ಒಣಕಡ್ಡಿ ಇತ್ತು.

ತೆಗೆದವನು ಎಂಜಿನಿಯರಿಂಗ್ ಓದುವ ಹುಡುಗ ಎಂದು ಸಂಜೆ ಗೊತ್ತಾಯಿತು. "ಹಕ್ಕಿಯನ್ನು ಮುಟ್ಟಲೇ ಇಲ್ಲ ಸರ್, ಕಡ್ಡಿ ಮಾತ್ರ ತೆಗೆದದ್ದು" ಎಂದ. ಅವನ ದನಿಯಲ್ಲಿ ಮೋಸ ಮಾಡಿದವನ ಅಳುಕು ಇರಲಿಲ್ಲ, ಕಸ ಗುಡಿಸಿದ್ದಕ್ಕೆ ಬೈಸಿಕೊಂಡವನ ಆಶ್ಚರ್ಯ ಇತ್ತು. ಆ ಕಡ್ಡಿ ಇದ್ದಿದ್ದರೂ ಚಿತ್ರಕ್ಕೆ ಇಪ್ಪತ್ತೊಂದು, ಇಪ್ಪತ್ತೆರಡು ಸಿಗುತ್ತಿತ್ತು ಎಂದು ಹಿರಿಯರು ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಅದೇ ಚಿತ್ರವನ್ನು ಮುಕ್ತ ವಿಭಾಗಕ್ಕೆ ಹಾಕಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ ಎಂಬುದು ಇನ್ನೂ ಹೆಚ್ಚಿನ ಸಂಕಟ.

ಇನ್ನೊಂದು ಸೂರಕ್ಕಿಯ ಗೂಡಿನ ಚಿತ್ರ. ಮರಿಗಳಿಗೆ ತಾಯಿ ಗುಟುಕು ಕೊಡುತ್ತಿದೆ, ನೋಡಲು ಅಂದವಾಗಿದೆ. ಆದರೆ ಗೂಡಿನ ಚಿತ್ರಗಳನ್ನು ಕ್ಲಬ್ ನಿಷೇಧಿಸಿದೆ, ಸಾಲದ್ದಕ್ಕೆ ಎಡಗಡೆಯ ಎಲೆಗಳನ್ನು ಪಕ್ಕಕ್ಕೆ ಎಳೆದು ಕಟ್ಟಿದ ಬಿಳಿ ದಾರದ ತುದಿ ಕಾಣುತ್ತಿತ್ತು. ಹಿರಿಯರು ಬಹಳ ಹೊತ್ತು ಅದನ್ನೇ ನೋಡಿ, "ನಾವೂ ಇದನ್ನೇ ಮಾಡಿದವರು" ಎಂದರು. ಕೊಡಾಕ್ರೋಮ್ 64ರಂಥ ನಿಧಾನದ ಫಿಲ್ಮು, ಹತ್ತು ಅಡಿ ದಾಟದ ಫ್ಲ್ಯಾಶು. ಹಾರುವ ಹಕ್ಕಿಯನ್ನು ಹಿಡಿಯುವುದು ಕನಸಿನ ಮಾತಾಗಿದ್ದ ಕಾಲದಲ್ಲಿ ಗೂಡಿನ ಎದುರು ಮರೆ ಕಟ್ಟಿಕೊಂಡು ದಿನಗಟ್ಟಲೆ ಕೂರುವುದೇ ಪಕ್ಷಿ ಛಾಯಾಗ್ರಹಣವಾಗಿತ್ತಂತೆ. ಎಲೆ ಸರಿಸಿದ ಗೂಡಿಗೆ ಬಿಸಿಲು ಬೀಳುತ್ತದೆ, ಕಾಗೆಗೂ ದಾರಿ ಸಿಗುತ್ತದೆ ಎಂಬುದು ತಮಗೆ ತಡವಾಗಿ ತಿಳಿಯಿತು ಎಂದರು. ಆ ಚಿತ್ರವನ್ನು ಅಂಕವಿಲ್ಲದೆ ಬದಿಗಿಟ್ಟೆವು.

ಏಕವರ್ಣದಲ್ಲಿ ಅಜ್ಜಿಯೊಬ್ಬರ ಮುಖದ ಚಿತ್ರವಿತ್ತು. ಸುಕ್ಕುಗಳೆಲ್ಲ ಅಚ್ಚುಕಟ್ಟು, ಬೆಳಕೂ ಅಚ್ಚುಕಟ್ಟು, ಆದರೆ ಮೂಗುತಿ ಚರ್ಮದೊಳಗೆ ಕರಗಿದಂತೆ ಕಾಣುತ್ತಿತ್ತು; ಕೃತಕ ಬುದ್ಧಿಮತ್ತೆ ಕಟ್ಟಿದ ಮುಖವೇ ಎಂಬ ಅನುಮಾನ ಬಂತು. ಮೂಲ ಫೈಲ್ ಕೇಳಿದಾಗ ಕಳುಹಿಸಿದವರು ಸ್ಪರ್ಧೆಯಿಂದ ಹಿಂದೆ ಸರಿದರು, ಕಾರಣ ಹೇಳಲಿಲ್ಲ. ಇದು ನಮ್ಮ ಸಣ್ಣ ಊರಿನ ತಲೆನೋವಷ್ಟೇ ಅಲ್ಲ. 2009ರಲ್ಲಿ ಲಂಡನ್ನಿನ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ ಬೇಲಿಯ ಗೇಟು ಹಾರುವ ತೋಳದ ಚಿತ್ರಕ್ಕೆ ಕೊಟ್ಟ ಮೊದಲ ಬಹುಮಾನವನ್ನು, ಅದು ಪಳಗಿಸಿದ ತೋಳವಿರಬೇಕೆಂಬ ತೀರ್ಮಾನಕ್ಕೆ ಬಂದು ಆಮೇಲೆ ಹಿಂದೆ ಪಡೆದರು. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನ್ ಕಲಾವಿದರು, ತಮ್ಮದು ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರವೆಂದು ಹೇಳಿ ಪ್ರಶಸ್ತಿಯನ್ನು ಬೇಡವೆಂದರು. ಅಂಥ ತೀರ್ಪುಗಾರರೇ ಕಂಡುಹಿಡಿಯಲಾಗದ್ದನ್ನು ನಾವು ಮೂವರು ಒಂದು ಪ್ರೊಜೆಕ್ಟರ್ ಹಿಡಿದು ಕಂಡುಹಿಡಿಯುತ್ತೇವೆಂಬ ಭ್ರಮೆ ನನಗಿಲ್ಲ. ಮೂಗುತಿ ನೆಟ್ಟಗಿದ್ದಿದ್ದರೆ ಆ ಅಜ್ಜಿಗೆ ನಾನು ಎಂಟು ಕೊಡುತ್ತಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಕ್ತ ವಿಭಾಗದ 61ನೆಯ ಚಿತ್ರ, ಕಂಬಳದ ಹದಿನಾಲ್ಕರಲ್ಲಿ ಒಂಬತ್ತನೆಯದು. ಉದ್ದುದ್ದ ನಿಲ್ಲಿಸಿದ ಚೌಕಟ್ಟು. ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಎರಡು ಕೋಣಗಳು, ಅವುಗಳ ಹಿಂದೆ ಹಲಗೆಯ ಮೇಲೆ ನಿಂತ ಮನುಷ್ಯ. ಅವನ ಮುಖವೇ ಕಾಣದಂತೆ ನೀರು ಚಿಮ್ಮಿದೆ. ಆ ನೀರು ಕಂಬದಂತೆ ಮೇಲಕ್ಕೆ ಎದ್ದು, ಚೌಕಟ್ಟಿನ ಮುಕ್ಕಾಲು ಎತ್ತರ ದಾಟಿ ಬಿಡಿಬಿಡಿ ಮುತ್ತುಗಳಾಗಿ ಚದುರಿದೆ. ತೀರ ಮೇಲೆ, ಮಂಕು ಆಕಾಶದ ಎದುರು, ಅಡ್ಡಲಾಗಿ ಕಟ್ಟಿದ ಒಂದು ಬಿಳಿ ಬಟ್ಟೆ. ನೀರಿನ ಕೆಲವು ಹನಿಗಳು ಬಟ್ಟೆಯನ್ನು ತಲುಪಿವೆ. ಬಟ್ಟೆಯ ಕೆಳ ಅಂಚು ಒಂದು ಕಡೆ ಒದ್ದೆಯಾಗಿ ಬೂದುಬಣ್ಣಕ್ಕೆ ತಿರುಗಿದೆ.

ನಾನು ನಾಲ್ಕು ಕೊಟ್ಟೆ. ಮೇಡಂ ಏಳು, ಹಿರಿಯರು ಎಂಟು. ಒಟ್ಟು ಹತ್ತೊಂಬತ್ತು, ಚಿತ್ರ ಸರಿಯಾಗಿ ಗೆರೆಯ ಮೇಲೆ ನಿಂತಿತ್ತು. ನನ್ನ ಮತ್ತು ಹಿರಿಯರ ಅಂಕಗಳ ನಡುವೆ ನಾಲ್ಕರ ಅಂತರ ಇದ್ದುದರಿಂದ ನಿಯಮದಂತೆ ಚರ್ಚೆಯಾಯಿತು. ನಾನು ತರಗತಿಯ ದನಿಯಲ್ಲಿ ವಿವರಿಸಿದೆ: ಓಡಿಸುವವನ ಮುಖವಿಲ್ಲ, ಮುಖವಿಲ್ಲದೆ ಭಾವವಿಲ್ಲ, ಕೋಣಗಳು ಕೆಳಗೆ ಅಮುಕಿ ಹೋಗಿವೆ, ಚೌಕಟ್ಟಿನ ಮೇಲಿನ ಅರ್ಧ ಖಾಲಿ ಆಕಾಶ, ಅದರಲ್ಲೊಂದು ಯಾರೋ ಒಣಹಾಕಿದಂಥ ಬಟ್ಟೆ, ಮೇಲಿನ ಶೇಕಡಾ ನಲವತ್ತು ಭಾಗ ಕತ್ತರಿಸಿ ಅಡ್ಡ ಚೌಕಟ್ಟು ಮಾಡಿದ್ದರೆ ಕೋಣಗಳಿಗೆ ಬಲ ಬರುತ್ತಿತ್ತು. ಹಿರಿಯರು, "ನನಗೆ ಆ ನೀರು ಏರುವ ರೀತಿ ಇಷ್ಟವಾಯಿತು, ಯಾಕೆ ಅಂತ ಹೇಳಲು ಬರುವುದಿಲ್ಲ" ಎಂದು ತಮ್ಮ ಎಂಟರಲ್ಲೇ ಉಳಿದರು. ಕಾರಣ ಹೇಳಬಲ್ಲವನ ಮಾತು ಗೆಲ್ಲುವುದು ಲೋಕರೂಢಿ. ಮೇಡಂ ಯೋಚಿಸಿ, "ಆ ಬಟ್ಟೆ ಕಣ್ಣು ಎಳೆಯುತ್ತದೆ ನಿಜ" ಎಂದು ಏಳನ್ನು ಆರಕ್ಕೆ ಇಳಿಸಿದರು. ಹದಿನೆಂಟು. ಚಿತ್ರ ಹೊರಗೆ ಬಿತ್ತು. ಲ್ಯಾಪ್‌ಟಾಪ್ ಹಿಂದೆ ಕುಳಿತಿದ್ದ ಕಾರ್ಯದರ್ಶಿಗಳು ಒಮ್ಮೆ ಕೆಮ್ಮಿ, ನೀರು ಕುಡಿದು, 62 ಎಂದರು.

ಸಂಜೆ ಐದಕ್ಕೆ ವಿಮರ್ಶೆ. ನಲವತ್ತಕ್ಕೂ ಹೆಚ್ಚು ಮಂದಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ಗೋಳಿಬಜೆ ಮತ್ತು ಚಹಾ ಆಗಿತ್ತು. ಚಿತ್ರಗಳನ್ನು ಮೂವರೂ ಹಂಚಿಕೊಂಡೆವು. ಮೊದಲ ಅರ್ಧ ಗಂಟೆಯಲ್ಲೇ ನನ್ನ ಮಾತಿನ ಚಾಳಿ ನನಗೇ ಕೇಳಿಸತೊಡಗಿತು. "ಚೆನ್ನಾಗಿದೆ, ಆದರೆ" ಎಂದು ಶುರುಮಾಡುತ್ತಿದ್ದೆ. ಮೂರನೆಯ ಸಲಕ್ಕೆ ಸಭೆಯವರು 'ಚೆನ್ನಾಗಿದೆ' ಎಂಬುದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟು 'ಆದರೆ'ಗಾಗಿ ಕಾಯುತ್ತಿದ್ದರು. ನಿಮ್ಮ ಬಲಮೂಲೆಯಲ್ಲಿ ಒಂದು ಬಿಳಿ ಚುಕ್ಕೆಯಿದೆ, ಸ್ವಲ್ಪ ಎಡಕ್ಕೆ ಸರಿದಿದ್ದರೆ ಕಂಬ ತಪ್ಪುತ್ತಿತ್ತು, ಬಣ್ಣದ ಸಾಂದ್ರತೆ ಹೆಚ್ಚಾಗಿದೆ: ಇವೆಲ್ಲ ತಪ್ಪು ಮಾತುಗಳಲ್ಲ. ಆದರೆ ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯ ಮಾತುಗಳು, ಸರಿ ಉತ್ತರ ನನ್ನ ಜೇಬಿನಲ್ಲಿದೆ ಎಂಬಂತೆ ಆಡಿದವು.

ಹಿರಿಯರ ಸರದಿಯಲ್ಲಿ ವ್ಯತ್ಯಾಸ ತಿಳಿಯಿತು. ಅವರು ಚಿತ್ರ ಬಂದ ಕೂಡಲೇ ಮಾತಾಡುತ್ತಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಸುಮ್ಮನೆ ನೋಡಿ, ಮೊದಲು ತಮಗೆ ಕಾಣುತ್ತಿರುವುದನ್ನು ಹೇಳುತ್ತಿದ್ದರು. ಚೌಕಿಯ ಚಿತ್ರವೊಂದಕ್ಕೆ ಅವರು ಆಡಿದ್ದು ಹೀಗೆ: "ಒಬ್ಬರು ಕನ್ನಡಿ ನೋಡುತ್ತಿದ್ದಾರೆ. ಅರ್ಧ ಮುಖಕ್ಕೆ ಬಣ್ಣ ಆಗಿದೆ, ಇನ್ನರ್ಧಕ್ಕೆ ಆಗಿಲ್ಲ. ಕನ್ನಡಿಯಲ್ಲಿ ನಮಗೆ ಕಾಣುತ್ತಿರುವುದು ಬಣ್ಣ ಆಗದ ಅರ್ಧ. ಪಕ್ಕದ ಹುಡುಗ ನಿದ್ದೆ ಮಾಡಿದ್ದಾನೆ. ನನ್ನ ಕಣ್ಣು ಮೊದಲು ಹುಡುಗನ ಹತ್ತಿರ ಹೋಯಿತು, ಅವನ ಅಂಗಿ ಬೆಳ್ಳಗಿರುವುದರಿಂದ. ಅಲ್ಲಿಂದ ಕನ್ನಡಿಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ನಿಮಗೆ ಯಾವುದು ಮೊದಲು ಕಾಣಬೇಕಿತ್ತು?" ತೆಗೆದ ಹೆಣ್ಣುಮಗಳು ಎದ್ದು ನಿಂತು ಕನ್ನಡಿ ಎಂದಳು. "ಹಾಗಾದರೆ ಅಂಗಿಯ ಹೊಳಪನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ ನೋಡಿ" ಎಂದರು. ಅಷ್ಟೇ. ನಾನು ಆ ಚಿತ್ರಕ್ಕೆ, ಬಲಗಡೆಯ ಹುಡುಗನನ್ನು ಕತ್ತರಿಸಿ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೆ.

61ನೆಯ ಚಿತ್ರ ನನ್ನ ಪಾಲಿಗೇ ಬಂದಿತ್ತು. ಮಧ್ಯಾಹ್ನ ಹೇಳಿದ್ದನ್ನೇ ಸ್ವಲ್ಪ ಮೆತ್ತಗೆ ಮಾಡಿ ಹೇಳಿ, ಕೈಯಲ್ಲಿದ್ದ ಲೇಸರ್ ಚುಕ್ಕೆಯಿಂದ ಬಟ್ಟೆಯ ಕೆಳಗೆ ಅಡ್ಡಗೆರೆ ಎಳೆದು, ಇಲ್ಲಿಗೆ ಕತ್ತರಿಸಿ ಎಂದೆ. ಸಭೆಯಲ್ಲಿ ಒಂದು ವಿಚಿತ್ರ ಮೌನ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೂರನೆಯ ಸಾಲಿನಿಂದ ಐವತ್ತರ ಆಸುಪಾಸಿನ ಒಬ್ಬರು ಎದ್ದರು. ಗ್ಯಾಸ್ ಏಜೆನ್ಸಿಯೊಂದರಲ್ಲಿ ಲೆಕ್ಕ ಬರೆಯುವವರು ಎಂದು ಆಮೇಲೆ ತಿಳಿಯಿತು. ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: "ಮೇಲಿನ ಬಟ್ಟೆ ಕತ್ತರಿಸಿದರೆ ಮತ್ತೆ ಇದರಲ್ಲಿ ಎಂತ ಉಂಟು ಸರ್? ಅದು ನಿಶಾನೆ ಅಲ್ವಾ?"

ಆಮೇಲೆ ಅವರು ವಿವರಿಸಿದ್ದನ್ನು ನಾನು ಅಂದಿನಿಂದ ಹತ್ತಾರು ಜನಕ್ಕೆ ಹೇಳಿದ್ದೇನೆ. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಕನೆಹಲಗೆಯಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕವಿಲ್ಲ. ತೂತುಗಳಿರುವ ಹಲಗೆಯ ಮೇಲೆ ಒಬ್ಬ ನಿಂತು ಕೋಣಗಳನ್ನು ಓಡಿಸಿದಾಗ ಆ ತೂತುಗಳಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಗೆ, ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಆ ನೀರು ಹಾಯಬೇಕು. ಕೋಲು ಎಂಬುದು ಎತ್ತರದ ಅಳತೆ; ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರಗಳಿವೆ. ನೀರು ಬಟ್ಟೆಗೆ ಹಾಯಿತೇ ಇಲ್ಲವೇ ಎಂಬುದೇ ಇಡೀ ಪಂದ್ಯ. ಅಂದರೆ ನಾನು ಒಣಹಾಕಿದ ಬಟ್ಟೆ ಎಂದದ್ದು ಗೆಲುವಿನ ಗೆರೆ. ನಾನು ಖಾಲಿ ಆಕಾಶ ಎಂದದ್ದು ನೀರು ಏರಿ ಗೆಲ್ಲಬೇಕಾದ ದೂರ. ಒದ್ದೆಯಾದ ಆ ಬೂದು ಅಂಚು ಗೆದ್ದ ಕ್ಷಣ. ಕೋಣಗಳು ಕೆಳಗೆ ಇರಬೇಕಾದದ್ದೇ, ಚೌಕಟ್ಟು ಉದ್ದಕ್ಕೆ ನಿಲ್ಲಬೇಕಾದದ್ದೇ. ಉಳಿದ ಹದಿಮೂರು ಕಂಬಳದ ಚಿತ್ರಗಳು ಕೋಣದ ಕಣ್ಣು, ಓಡುವವನ ಮೈಕಟ್ಟು, ಕೆಸರಿನ ಹಾರಾಟ ಹಿಡಿದಿದ್ದವು. ಅವುಗಳಲ್ಲಿ ಐದನ್ನು ನಾವು ಆಯ್ಕೆ ಮಾಡಿದ್ದೆವು. ಪಂದ್ಯವನ್ನು ಹಿಡಿದದ್ದು ಇದೊಂದೇ. ಅದರ ಶೀರ್ಷಿಕೆ 'ಆರೂವರೆ ಕೋಲು' ಎಂದಿತ್ತು. ಶೀರ್ಷಿಕೆ ಓದಬಾರದೆಂಬ ನಿಯಮವನ್ನು ಬೆಳಿಗ್ಗೆ ಅಷ್ಟು ಮೆಚ್ಚಿಕೊಂಡವನು ನಾನೇ.

ತಪ್ಪಾಯಿತು ಎಂದು ಸಭೆಯ ಮುಂದೆಯೇ ಹೇಳಿದೆ. ಚಪ್ಪಾಳೆ ಬಿತ್ತು, ಅದು ಇನ್ನಷ್ಟು ಮುಜುಗರ. ಅಂಕ ಬದಲಿಸಬಹುದೇ ಎಂದು ಕಾರ್ಯದರ್ಶಿಗಳನ್ನು ಕೇಳಿದರೆ, ಪಟ್ಟಿಗೆ ಸಹಿ ಬಿದ್ದ ಮೇಲೆ ಆಗುವುದಿಲ್ಲ ಎಂದರು. ಅದು ಸರಿಯೇ, ಎದ್ದು ವಾದ ಮಾಡಬಲ್ಲವರ ಅಂಕ ಮಾತ್ರ ಏರುವುದಾದರೆ, ಸುಮ್ಮನೆ ಕುಳಿತ ಇನ್ನುಳಿದವರಿಗೆ ನ್ಯಾಯವೆಲ್ಲಿ? ಆಮೇಲೆ ಕೈತೊಳೆಯುವ ಜಾಗದಲ್ಲಿ ಸಿಕ್ಕಾಗ ಕಾರ್ಯದರ್ಶಿಗಳು, "ನಾಲಿಗೆಯ ತುದಿಯವರೆಗೆ ಬಂದಿತ್ತು ಸರ್, ಆದರೆ ನಾನು ಮಾತಾಡುವ ಹಾಗಿಲ್ಲವಲ್ಲ" ಎಂದರು. ಮಧ್ಯಾಹ್ನದ ಕೆಮ್ಮಿನ ಅರ್ಥ ಆಗ ತಿಳಿಯಿತು. ತೀರ್ಪುಗಾರರು ಅಂಕ ಒತ್ತುವ ಮೊದಲು ವಿಷಯದ ಬಗ್ಗೆ ಕಾರ್ಯದರ್ಶಿಗಳನ್ನು ಒಂದು ಪ್ರಶ್ನೆ ಕೇಳಬಹುದು, ಅವರು ಸಂಗತಿಯನ್ನಷ್ಟೇ ಹೇಳಬೇಕು ಎಂದು ಈ ವರ್ಷದಿಂದ ನಿಯಮ ಸಡಿಲಿಸಿದ್ದಾರಂತೆ. ಕೇಳಬೇಕೆಂದು ತೋಚಿದರೆ ಅದು ಉಪಯೋಗಕ್ಕೆ ಬರುತ್ತದೆ. ನನಗೆ ಅಂದು ಪ್ರಶ್ನೆಯೇ ಇರಲಿಲ್ಲ, ಉತ್ತರ ಮಾತ್ರ ಇತ್ತು.

ಸಭೆ ಮುಗಿದ ಮೇಲೆ ಲೆಕ್ಕ ಬರೆಯುವ ಆ ಗೆಳೆಯರ ಪಕ್ಕ ಕುಳಿತು ಮೊಬೈಲಿನಲ್ಲಿ ಅದೇ ಓಟದ ಇನ್ನಿತರ ಚಿತ್ರಗಳನ್ನು ನೋಡಿದೆ. ಒಟ್ಟು ಹನ್ನೊಂದು. ಏಳನೆಯದರಲ್ಲಿ ನೀರು ಬಟ್ಟೆಗಿಂತ ಒಂದು ಗೇಣು ಕೆಳಗಿದೆ. ಎಂಟನೆಯದು ಸ್ಪರ್ಧೆಗೆ ಬಂದದ್ದು. ಒಂಬತ್ತನೆಯದರಲ್ಲಿ ನೀರು ಬೀಳತೊಡಗಿದೆ. ಇಷ್ಟಾಗಿಯೂ ಆ ಚಿತ್ರದಲ್ಲಿ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ, ಅವರಿಗೂ ಹೇಳಲಿಲ್ಲ. ಶಟರ್ ವೇಗ ಸೆಕೆಂಡಿನ 1/2000 ಭಾಗ ಇಟ್ಟಿದ್ದರಿಂದ ನೀರು ಬಿಡಿ ಮಣಿಗಳಾಗಿ ನಿಂತುಬಿಟ್ಟಿದೆ, ಏರುತ್ತಿದೆ ಎನಿಸುವುದಿಲ್ಲ. 1/400ರ ಆಸುಪಾಸಿನಲ್ಲಿ ಹನಿಗಳು ಎಳೆಗಳಾಗಿ ಬಟ್ಟೆಯ ಕಡೆಗೆ ಬೆರಳು ತೋರಿಸುತ್ತಿದ್ದವು. ಮಂಕು ಆಕಾಶವೂ ಬಿಳಿ ಬಟ್ಟೆಯೂ ಹೆಚ್ಚುಕಡಿಮೆ ಒಂದೇ ಹೊಳಪಿನವಾದ್ದರಿಂದ ನಿಶಾನೆ ಹಿಂದಕ್ಕೆ ಸರಿದಿದೆ. ಆಕಾಶವನ್ನು ಸ್ವಲ್ಪ ಇಳಿಸಿದರೆ ಬಟ್ಟೆ ಎದ್ದು ಕಾಣುತ್ತದೆ, ನನ್ನಂಥವನಿಗೂ ಕಾಣುತ್ತದೆ. ಇದನ್ನು ಅವರು ಒಪ್ಪಿ ಚೀಟಿಯಲ್ಲಿ ಬರೆದುಕೊಂಡರು. ಮಧ್ಯಾಹ್ನವೇ ನಾನು ಆಡಬೇಕಿದ್ದ ವಿಮರ್ಶೆ ಇದು. ಚಿತ್ರ ಏನು ಮಾಡಲು ಹೊರಟಿದೆ ಎಂದು ಗೊತ್ತಾದ ಮೇಲೆ ಅದು ಎಲ್ಲಿ ಎಡವಿದೆ ಎಂದು ಹೇಳಲು ಐದು ನಿಮಿಷ ಸಾಕಾಯಿತು.

ಜನವರಿಯಲ್ಲಿ ಅವರೇ ಫೋನ್ ಮಾಡಿ, "ಬನ್ನಿ ಸರ್, ಕನೆಹಲಗೆ ತೋರಿಸುವ" ಎಂದು ಕರೆದರು. ರಾತ್ರಿ ಬಸ್ಸು ಹತ್ತಿ ಹೋದೆ. ನಿಶಾನೆ ಚೌಕಟ್ಟಿನೊಳಗೆ ಬರುವಂಥ ಜಾಗ ನೋಡಿ ನನ್ನನ್ನು ನಿಲ್ಲಿಸಿ, ತಾವು ಹಿಂದೆ ಸರಿದು ನಿಂತರು. ಬೆಳಗಿನ ಹೊತ್ತು, ಕರೆಯ ಮೇಲೆ ಮಂಜಿನ್ನೂ ಇತ್ತು. ಕೊಂಬಿನ ಸದ್ದು, ಡೋಲು, ಜನರ ಕೂಗು. ಕೋಣಗಳು ಓಟ ಶುರುವಾಗುವ ಗಂತಿನಿಂದ ಹೊರಟು ನಿಶಾನೆಯ ಕೆಳಗೆ ಬರುವುದಕ್ಕೆ ಹಿಡಿಯುವ ಸಮಯದಲ್ಲಿ ಒಂದು ಸಲ ಉಸಿರು ಎಳೆದು ಬಿಡಬಹುದು, ಅಷ್ಟೆ. ಐದು ಜೊತೆ ಕೋಣಗಳ ಓಟಕ್ಕೆ 160 ಚಿತ್ರ ತೆಗೆದೆ. ನೀರೂ ಬಟ್ಟೆಯೂ ಕೂಡಿದ್ದು ಒಂದರಲ್ಲಿ ಮಾತ್ರ. ಅದರಲ್ಲಿ ಎದುರಿಗಿದ್ದವರು ಮೊಬೈಲ್ ಎತ್ತಿ ಹಿಡಿದ ಕೈ ಎರಡೂ ಕೋಣಗಳನ್ನು ಮುಚ್ಚಿದೆ. ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ನಿಶಾನೆಗೆ ಹಾಯ್ದಿದೆ ಸರ್" ಎಂದರು.